ಬೇಡರ ಕಣ್ಣಪ್ಪನ ಕೈಗೆ ಪಿಸ್ತೂಲು: ಗೂಢಚಾರನಾದ ರಾಜಕುಮಾರ್

ಕೊಪ್ಪಳ: ಗೂಢಚಾರರ ಸಾಹಸವನ್ನು ಹೇಳುವ ಟಿ.ವಿ. ಧಾರಾವಾಹಿಗಳಿಗೆ ಈಗ ಬರವಿಲ್ಲ. ಮೊದಲ ಕಂತಿನಲ್ಲಿಯೇ ರಹಸ್ಯವೊಂದು ಕಳುವಾಗುತ್ತದೆ, ಅದರ ಬೆನ್ನು ಹತ್ತಿ ಅಧಿಕಾರಿಯೊಬ್ಬ ಹೊರಡುತ್ತಾನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಮೊಬೈಲ್ ಪರದೆಯ ಮೇಲೆ ಇಂತಹ ಕಥೆಗಳನ್ನು ನೋಡುವ ಅನೇಕ ತರುಣರಿಗೆ ಕನ್ನಡದ ಗೂಢಚಾರ ಸರಣಿಯ ಮೊದಲ ಕಂತು 1968ರಲ್ಲಿಯೇ ತೆರೆ ಕಂಡಿತ್ತು ಎಂಬುದು ತಿಳಿದಿರಲಾರದು. ಅದು ಕಿರುತೆರೆಯ ಧಾರಾವಾಹಿಯಲ್ಲ, ಕಪ್ಪು ಬಿಳುಪಿನ ಚಲನಚಿತ್ರ. ಹೆಸರು 'ಜೇಡರಬಲೆ'. ನಾಯಕ ಸಿಐಡಿ 999 ಪ್ರಕಾಶ್. ಆ ಪಾತ್ರ ವಹಿಸಿದವರು ಡಾ. ರಾಜಕುಮಾರ್.

ಇಂದು ಸಹಜವೆನಿಸುವ ಆ ಆಯ್ಕೆ ಅಂದು ಸಾಹಸವೇ ಆಗಿತ್ತು. ಅದನ್ನು ಅರಿಯಬೇಕಾದರೆ ಅವರು ನಡೆದು ಬಂದ ದಾರಿಯನ್ನು ನೋಡಬೇಕು.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ್ ಜನಿಸಿದ್ದು 1929ರ ಏಪ್ರಿಲ್ 24ರಂದು, ಇಂದು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿರುವ ಗಾಜನೂರಿನಲ್ಲಿ. ತಂದೆ ಪುಟ್ಟಸ್ವಾಮಯ್ಯ ರಂಗನಟರು, ತಾಯಿ ಲಕ್ಷ್ಮಮ್ಮ. ಬಡತನದಿಂದಾಗಿ ಶಾಲೆಯ ಓದು ಪ್ರಾಥಮಿಕ ಹಂತದಲ್ಲಿಯೇ ನಿಂತಿತು. ತಂದೆಯ ಜೊತೆಯಲ್ಲಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದ ಬಾಲಕನಿಗೆ ರಂಗಭೂಮಿಯೇ ಪಾಠಶಾಲೆಯಾಯಿತು. ಸ್ಪಷ್ಟ ಉಚ್ಚಾರಣೆ, ಹಾಡುಗಾರಿಕೆ, ಶಿಸ್ತು ಎಲ್ಲವೂ ಅಲ್ಲಿಯೇ ಮೈಗೂಡಿದವು. 1953ರಲ್ಲಿ ಪಾರ್ವತಮ್ಮನವರೊಡನೆ ವಿವಾಹವಾಯಿತು. ಮರುವರ್ಷ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ' ಬಿಡುಗಡೆಯಾಯಿತು. ಮುತ್ತುರಾಜ್ ರಾಜಕುಮಾರ್ ಆದರು.

ಅಲ್ಲಿಂದ ಮುಂದಿನ ಒಂದು ದಶಕಕ್ಕೂ ಹೆಚ್ಚು ಕಾಲ ಪ್ರೇಕ್ಷಕರು ಅವರನ್ನು ಕಂಡದ್ದು ಬಹುಮಟ್ಟಿಗೆ ಭಕ್ತರಾಗಿ, ದೇವರಾಗಿ, ಅರಸರಾಗಿ. 1960ರಲ್ಲಿ ಚಿತ್ರೋದ್ಯಮ ಸಂಕಷ್ಟದಲ್ಲಿದ್ದಾಗ ಸಹಕಲಾವಿದರೊಂದಿಗೆ ಸೇರಿ 'ರಣಧೀರ ಕಂಠೀರವ' ನಿರ್ಮಿಸಿದರು. 1966ರ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ಕಾಣಿಸಿಕೊಂಡರು. ಸಾಮಾಜಿಕ ಚಿತ್ರಗಳಲ್ಲಿಯೂ ಅಭಿನಯಿಸಿದ್ದರಾದರೂ, ಜನಮನದಲ್ಲಿ ನೆಲೆನಿಂತಿದ್ದು ಕಿರೀಟ ಮತ್ತು ಕಾಷಾಯಗಳ ರಾಜಕುಮಾರ್.

ಅಷ್ಟರಲ್ಲಿ ಹೊರಜಗತ್ತಿನ ಅಭಿರುಚಿ ಬದಲಾಗಿತ್ತು. 1962ರಲ್ಲಿ 'ಡಾಕ್ಟರ್ ನೋ' ಚಿತ್ರದೊಂದಿಗೆ ಜೇಮ್ಸ್ ಬಾಂಡ್ ತೆರೆಗೆ ಬಂದಿದ್ದ. 1966ರಲ್ಲಿ ತೆಲುಗಿನಲ್ಲಿ ಕೃಷ್ಣ ಅಭಿನಯದ 'ಗೂಢಚಾರಿ 116', ಮರುವರ್ಷ ಹಿಂದಿಯಲ್ಲಿ ಜಿತೇಂದ್ರ ಅಭಿನಯದ 'ಫರ್ಜ್' ಯಶಸ್ಸು ಕಂಡವು. ಭಾರತದ ಮೊದಲ ಬಾಂಡ್ ಮಾದರಿಯ ಚಿತ್ರ 'ಜೇಡರಬಲೆ' ಎಂಬ ಮಾತು ಆಗಾಗ ಕೇಳಿಬರುವುದುಂಟು. ಈ ಇಸವಿಗಳನ್ನು ಗಮನಿಸಿದರೆ ಅದು ಸರಿಯಲ್ಲ. ಕನ್ನಡದ ಮಟ್ಟಿಗೆ ಅದು ಮೊದಲನೆಯದು, ಅದರ ಮಹತ್ವವಿರುವುದೂ ಅಲ್ಲಿಯೇ.

ಆ ಮಹತ್ವ ನಮ್ಮ ಭಾಗದವರಿಗೆ ಬೇಗ ಅರ್ಥವಾಗುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದ ಈ ಸೀಮೆ ಕನ್ನಡ ನಾಡಿನೊಂದಿಗೆ ಒಂದಾದದ್ದು 1956ರ ನವೆಂಬರ್ 1ರಂದು. 'ಜೇಡರಬಲೆ' ಬಂದಾಗ ಏಕೀಕರಣಕ್ಕೆ ಕೇವಲ ಹನ್ನೆರಡು ವರ್ಷ. ಆಗ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು. ತುಂಗಭದ್ರಾ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ ಸುತ್ತಲಿನ ಕ್ಯಾಂಪುಗಳಲ್ಲಿ ಆಂಧ್ರದ ರೈತರು ನೆಲೆಸಿದ್ದರಿಂದ ತೆಲುಗು ಇಲ್ಲಿ ನಿತ್ಯದ ನುಡಿಯೂ ಆಗಿತ್ತು. ಆಧುನಿಕ ಕಥೆಗೆ ಹಿಂದಿ ಅಥವಾ ತೆಲುಗು, ಪುರಾಣಕ್ಕೆ ಮಾತ್ರ ಕನ್ನಡ ಎಂಬ ಭಾವನೆ ಬೇರೂರಿದ್ದರೆ ನಷ್ಟ ಚಿತ್ರೋದ್ಯಮಕ್ಕಷ್ಟೇ ಅಲ್ಲ, ಭಾಷೆಗೂ ಆಗುತ್ತಿತ್ತು.

ಈ ಸವಾಲನ್ನು ಎತ್ತಿಕೊಂಡವರು ಛಾಯಾಗ್ರಾಹಕ ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್. ಮುಂದೆ ದೊರೈ-ಭಗವಾನ್ ಎಂದೇ ಹೆಸರಾದ ಈ ಜೋಡಿ ರಾಜಕುಮಾರರ ಕೈಗೆ ಪಿಸ್ತೂಲು ಕೊಟ್ಟಿತು. ಸಾಮಾನ್ಯ ಲೋಹವನ್ನು ಚಿನ್ನವಾಗಿಸುವ ಸೂತ್ರವೊಂದರ ಸುತ್ತ ಹೆಣೆದ ಕಥೆಯಲ್ಲಿ ಜಯಂತಿ, ಉದಯಕುಮಾರ್, ನರಸಿಂಹರಾಜು ಇದ್ದರು. ಸಂಗೀತ ಜಿ.ಕೆ. ವೆಂಕಟೇಶ್ ಅವರದು.

ರಾಜಕುಮಾರರಿಗೆ ಆಗ ನಲವತ್ತು ಸಮೀಪಿಸಿತ್ತು. ಅದೇ 1968ರಲ್ಲಿ ಅವರ ನೂರನೆಯ ಚಿತ್ರ 'ಭಾಗ್ಯದ ಬಾಗಿಲು' ತೆರೆಕಂಡಿತು. ಗಳಿಸಿದ್ದನ್ನು ಕಾಪಾಡಿಕೊಂಡರೆ ಸಾಕು ಎನ್ನಬಹುದಾದ ಘಟ್ಟದಲ್ಲಿ ಅವರು ಸೂಟು ತೊಟ್ಟು ಪತ್ತೇದಾರನಾದರು. ಕಣ್ಣಪ್ಪನನ್ನು ಕಂಡು ಕೈಮುಗಿದಿದ್ದ ಜನ ಪ್ರಕಾಶನನ್ನು ತಿರಸ್ಕರಿಸಬಹುದಿತ್ತು. ಹಾಗಾಗಲಿಲ್ಲ. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' ತೆರೆಗೆ ಬಂದವು. ಮೊದಲನೆಯದರಲ್ಲಿ ಲಕ್ಷ್ಮಿ, ಎರಡನೆಯದರಲ್ಲಿ ರೇಖಾ ಕನ್ನಡಕ್ಕೆ ಪರಿಚಿತರಾದರು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಸರಣಿಯ ಕೊನೆಯ ಕೊಂಡಿ. ಅದರಲ್ಲಿ ರಾಜಕುಮಾರ್ ಇಂಗ್ಲಿಷ್ ಗೀತೆಯೊಂದನ್ನು ತಾವೇ ಹಾಡಿದರು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಅವರಿಗೆ ಅದಕ್ಕೆ ಎರಡು ವರ್ಷ ಮೊದಲೇ, 1976ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತ್ತು.

ಗೂಢಚಾರನ ವೇಷ ತೊಟ್ಟ ಮಾತ್ರಕ್ಕೆ ಅವರು ಹಳೆಯ ವೇಷವನ್ನು ಕಳಚಲಿಲ್ಲ. 1970ರಲ್ಲಿ ಬಿ.ಆರ್. ಪಂತುಲು ಅವರ 'ಶ್ರೀಕೃಷ್ಣದೇವರಾಯ'ದಲ್ಲಿ ಆನೆಗೊಂದಿ, ಹಂಪಿಗಳ ಅರಸನಾದರು. 1972ರ 'ಬಂಗಾರದ ಮನುಷ್ಯ'ದಲ್ಲಿ ರೈತನಾದರು. 1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದು ನಾಡಿನ ಉದ್ದಗಲ ಸಂಚರಿಸಿದಾಗ, ತೆರೆಯ ಮೇಲಿನ ಭಾಷಾಭಿಮಾನ ತೆರೆಯಾಚೆಗೂ ನಿಜವೆಂದು ಜನ ಕಂಡರು. 1983ರಲ್ಲಿ ಪದ್ಮಭೂಷಣ, 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗಳು ಸಂದವು.

ತೆರೆಯ ಮೇಲೆ ದುಷ್ಟಕೂಟಗಳನ್ನು ಭೇದಿಸಿದ ನಟ, ಇಳಿವಯಸ್ಸಿನಲ್ಲಿ ತಾನೇ ಬಲೆಗೆ ಸಿಲುಕಿದ್ದು ವಿಧಿಯ ವಿಪರ್ಯಾಸ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಕಾಡುಗಳ್ಳ ವೀರಪ್ಪನ್ ಅವರನ್ನು ಅಪಹರಿಸಿದ. ಅವರಿಗೆ ಆಗ 71 ವರ್ಷ. ಎರಡು ರಾಜ್ಯಗಳ ಸರ್ಕಾರಗಳು ಸಂಧಾನಕ್ಕಿಳಿದವು, ಕರ್ನಾಟಕ ತಲ್ಲಣಿಸಿತು. ಈ ಕಥೆಯಲ್ಲಿ ಬಾಗಿಲು ಮುರಿದು ಬರುವ 999 ಇರಲಿಲ್ಲ. ಕಾಡಿನಲ್ಲಿ 108 ದಿನಗಳನ್ನು ಕಳೆದು ನವೆಂಬರ್ 15ರಂದು ಅವರು ಬಿಡುಗಡೆಯಾದರು.

2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ರಾಜಕುಮಾರ್ ನಿಧನರಾದರು. ಅವರ ಇಚ್ಛೆಯಂತೆ ನೇತ್ರದಾನ ಮಾಡಲಾಯಿತು. ದೊರೈರಾಜ್ 2000ದಲ್ಲಿಯೇ ತೀರಿಕೊಂಡಿದ್ದರು, ಭಗವಾನ್ 2023ರಲ್ಲಿ ಅಗಲಿದರು.

ಇಂದಿನ ತಂತ್ರಜ್ಞಾನದ ಮುಂದೆ 'ಜೇಡರಬಲೆ'ಯ ಯಂತ್ರಗಳು, ಹೊಡೆದಾಟಗಳು ಸರಳವೆನಿಸಬಹುದು. ಆದರೆ ಹೊಸ ಕಾಲದ ಯಾವ ಕಥೆಯನ್ನಾದರೂ ಕನ್ನಡದಲ್ಲಿ ಹೇಳಬಹುದು, ಜನ ಅದನ್ನು ನೋಡುತ್ತಾರೆ ಎಂಬುದನ್ನು ಆ ಮೊದಲ ಕಂತು ಸಾಬೀತುಪಡಿಸಿತು. ಗೂಢಚಾರ ಧಾರಾವಾಹಿಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಹುಡುಕಿ ನೋಡುತ್ತಿರುವ ಇಂದಿನ ಪ್ರೇಕ್ಷಕರೂ, ಅವರಿಗಾಗಿ ಕಥೆ ಬರೆಯಬೇಕಾದ ಕನ್ನಡದ ಲೇಖಕರೂ ನೆನಪಿಡಬೇಕಾದ ಸಂಗತಿ ಇದು.