ಮೆಕಿಯಾವೆಲ್ಲಿ ಅಂದ್ರೆ ಬರೀ ಕುತಂತ್ರವಾ?

ಮೆಕಿಯಾವೆಲ್ಲಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಕುತಂತ್ರ. ಆದರೆ 1469ರಲ್ಲಿ ಹುಟ್ಟಿದ ಈತ ಫ್ಲಾರೆನ್ಸ್ ಗಣರಾಜ್ಯಕ್ಕೆ 14 ವರ್ಷ ದುಡಿದ ಅಧಿಕಾರಿ. ಬಾಡಿಗೆ ಸೈನಿಕರನ್ನು ನಂಬದೆ ಹಳ್ಳಿ ಜನರದ್ದೇ ಸೇನೆ ಕಟ್ಟಿದ. 1509ರಲ್ಲಿ ಪೀಸಾ ಮತ್ತೆ ಕೈಗೆ ಬಂತು. ಆದರೆ 1512ರಲ್ಲಿ ಪ್ರಾಟೊ ಊರಲ್ಲಿ ಅದೇ ಸೇನೆ ಸ್ಪೇನಿನವರ ಮುಂದೆ ಚೆದುರಿಹೋಯ್ತು. ಗಣರಾಜ್ಯ ಬಿತ್ತು, ಮೆಡಿಚಿ ಮನೆತನ ಮರಳಿತು. ಕೆಲಸ ಹೋಯ್ತು, ಮರುವರ್ಷ ಪಿತೂರಿಯ ಅನುಮಾನದ ಮೇಲೆ ಜೈಲು, ಚಿತ್ರಹಿಂಸೆ.

ಬಿಡುಗಡೆಯಾದ ಮೇಲೆ ಹಳ್ಳಿಮನೆಯಲ್ಲಿ ಕೂತು ಬರೆದ. ನಮಗೆ ಗೊತ್ತಿರೋದು ‘ದಿ ಪ್ರಿನ್ಸ್’ ಮಾತ್ರ. ‘ಡಿಸ್ಕೋರ್ಸಸ್’ ಪುಸ್ತಕದಲ್ಲಿ ಈತ ಹೇಳಿದ್ದೇ ಬೇರೆ: ಸಿರಿವಂತರಿಗೂ ಸಾಮಾನ್ಯರಿಗೂ ನಡೆದ ಜಗಳದಿಂದಲೇ ರೋಮ್‌ಗೆ ಒಳ್ಳೆ ಕಾನೂನು, ಸ್ವಾತಂತ್ರ್ಯ, ಬಲ ಬಂತು. ತನ್ನ ಸೇನೆ ಸೋತರೂ ಜನರ ಮೇಲಿನ ನಂಬಿಕೆ ಬಿಡಲಿಲ್ಲ.

1527ರಲ್ಲಿ ಗಣರಾಜ್ಯ ಮರಳಿತು. ಹಳೇ ಕೆಲಸ ಮಾತ್ರ ಬೇರೆಯವರಿಗೆ ಹೋಯ್ತು. ಆ ಜೂನ್‌ನಲ್ಲೇ ಈತ ತೀರಿಕೊಂಡ. ನಾವು ಬೈಗುಳ ಮಾಡಿಕೊಂಡಿರೋದು ಇವನ ಹೆಸರನ್ನೇ.