ಕಾದಂಬರಿಕಾರ ಫಾರ್ಸ್ಟರ್ ಮತ್ತು ಆತನು ಬಚ್ಚಿಟ್ಟ ಪುಸ್ತಕ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಗ್ರಂಥಕರ್ತನೊಬ್ಬನನ್ನು ಆತನು ಪ್ರಕಟಿಸಿದ ಪುಸ್ತಕಗಳಿಂದ ಅಳೆಯುವುದು ಲೋಕರೂಢಿ. ಆದರೆ ಬರೆದು ಮುಗಿಸಿಯೂ ಬದುಕಿರುವವರೆಗೆ ಅಚ್ಚಿಗೆ ಕೊಡದೆ ಉಳಿಸಿಕೊಂಡ ಪುಸ್ತಕವು ಕೆಲವೊಮ್ಮೆ ಆತನ ಅಂತರಂಗವನ್ನು ಉಳಿದೆಲ್ಲ ಪುಸ್ತಕಗಳಿಗಿಂತ ಚೆನ್ನಾಗಿ ತಿಳಿಸುತ್ತದೆ. ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರನ ಬಾಳು ಇದಕ್ಕೆ ನಿದರ್ಶನ. ‘ಎ ಪ್ಯಾಸೇಜ್ ಟು ಇಂಡಿಯಾ’ ಬರೆದವನೆಂದು ಆತನ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಆತನ ‘ಮಾರಿಸ್’ ಎಂಬ ಕಾದಂಬರಿಯ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಗಂಡಸರಿಬ್ಬರ ಪ್ರೇಮವನ್ನೂ ಅವರ ನಡುವಿನ ಮೇಲು ಕೀಳಿನ ಗೋಡೆಯನ್ನೂ ಕುರಿತ ಕಥೆ ಅದು.

ಈ ವರ್ಷ ನಮ್ಮ ಅಧ್ಯಾಪಕರೊಬ್ಬರು ತಮ್ಮ ಸ್ವಂತ ಪ್ರತಿಯನ್ನು ಓದಲು ಕೊಟ್ಟರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ನಾಲ್ವರು ಸರದಿಯ ಮೇಲೆ ಓದಿದೆವು. ನಾಲ್ವರದೂ ನಾಲ್ಕು ಅಭಿಪ್ರಾಯವಾಯಿತು. ಆ ವಾದವು ಎಲ್ಲಿಂದ ಹುಟ್ಟಿತೆಂಬುದನ್ನು ಅರಿಯಬೇಕಾದರೆ ಗ್ರಂಥಕರ್ತನ ಜೀವನವನ್ನು ಮೊದಲು ತಿಳಿಯಬೇಕು.

ಫಾರ್ಸ್ಟರನು ಹುಟ್ಟಿದುದು 1879ನೆಯ ಜನವರಿ 1ರಂದು, ಲಂಡನ್ನಿನಲ್ಲಿ. ಮಗುವಿಗೆ ಹೆನ್ರಿ ಎಂದು ಹೆಸರಿಡಬೇಕೆಂದಿದ್ದರು. ನಾಮಕರಣದ ಹೊತ್ತಿನಲ್ಲಿ ಆದ ಗೊಂದಲದಿಂದ ತಂದೆಯ ಹೆಸರಾದ ಎಡ್ವರ್ಡ್ ಎಂಬುದೇ ಉಳಿದುಬಿಟ್ಟಿತು. ಶಿಲ್ಪಶಾಸ್ತ್ರಜ್ಞನಾಗಿದ್ದ ತಂದೆಯು ಮರುವರ್ಷವೇ ಕ್ಷಯರೋಗದಿಂದ ತೀರಿಕೊಂಡನು. ಒಬ್ಬನೇ ಮಗನನ್ನು ತಾಯಿ ಕಣ್ಣಿನಲ್ಲಿ ಕಣ್ಣಿಟ್ಟು ಸಾಕಿದಳು. ತಂದೆಯ ಕಡೆಯ ಅಜ್ಜಿಯೊಬ್ಬಳು 1887ರಲ್ಲಿ ತೀರಿಕೊಂಡಾಗ ಆತನಿಗೆ 8,000 ಪೌಂಡು ಬಿಟ್ಟುಹೋದಳು. ಹೊಟ್ಟೆಪಾಡಿಗೆ ದುಡಿಯಬೇಕಾದ ಅಗತ್ಯ ತಪ್ಪಿದುದು ಈ ಹಣದಿಂದ. ತಾನು ಬರೆಯಲು ಕುಳಿತ ಕುರ್ಚಿಯ ಕೆಳಗೆ ಇನ್ನೊಬ್ಬರ ಹಣವಿದೆಯೆಂಬ ಅರಿವನ್ನು ಆತನು ಎಂದೂ ಬಿಟ್ಟುಕೊಡಲಿಲ್ಲವೆಂಬುದು ಆತನ ಬರಹದಿಂದ ಕಾಣುತ್ತದೆ.

ಟನ್‌ಬ್ರಿಜ್ ಶಾಲೆಯ ದಿನಗಳು ಆತನಿಗೆ ಕಹಿಯಾಗಿದ್ದವು. 1897ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನು ಸೇರಿದ ಮೇಲೆ ಮನಸ್ಸು ಅರಳಿತು. ಪುರುಷರಲ್ಲಿಯೇ ತನ್ನ ಪ್ರೇಮ ನೆಲೆಗೊಳ್ಳುವುದೆಂಬುದು ಆ ವಯಸ್ಸಿನಲ್ಲಿಯೇ ಆತನಿಗೆ ಮನದಟ್ಟಾಯಿತು. ವ್ಯಾಸಂಗ ಮುಗಿಸಿ ಲಂಡನ್ನಿನ ಶ್ರಮಿಕರ ಕಾಲೇಜಿನಲ್ಲಿ, ಹಗಲು ದುಡಿದು ಬಂದವರಿಗೆ ಲ್ಯಾಟಿನ್ ಪಾಠ ಹೇಳುತ್ತಿದ್ದನು. 1905ರಿಂದ 1910ರವರೆಗೆ ನಾಲ್ಕು ಕಾದಂಬರಿಗಳು ಹೊರಬಂದವು. ಕೊನೆಯದಾದ ‘ಹೊವರ್ಡ್ಸ್ ಎಂಡ್’ ಕೃತಿಯಿಂದ ಮೂವತ್ತೊಂದನೆಯ ವಯಸ್ಸಿಗೇ ದೊಡ್ಡ ಹೆಸರು ಬಂದಿತು.

ಅಷ್ಟರಲ್ಲಿಯೇ ಭಾರತದ ನಂಟು ಬೆಳೆದಿತ್ತು. ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ ಸೈಯದ್ ರಾಸ್ ಮಸೂದನಿಗೆ 1906ರಲ್ಲಿ ಫಾರ್ಸ್ಟರನು ಮನೆಪಾಠದ ಗುರುವಾದನು. ಗುರುವಿಗೆ ಶಿಷ್ಯನಲ್ಲಿ ಪ್ರೇಮ ಹುಟ್ಟಿತು. ಶಿಷ್ಯನಲ್ಲಿದ್ದುದು ಸ್ನೇಹ ಮಾತ್ರ. ಆದರೂ ಆ ಸ್ನೇಹ 1937ರಲ್ಲಿ ಮಸೂದನು ತೀರಿಕೊಳ್ಳುವವರೆಗೂ ಕದಡಲಿಲ್ಲ. ಆತನನ್ನು ಕಾಣುವ ಸಲುವಾಗಿಯೇ ಫಾರ್ಸ್ಟರನು 1912ರಲ್ಲಿ ಮೊದಲ ಬಾರಿಗೆ ನಮ್ಮ ದೇಶಕ್ಕೆ ಬಂದನು.

ಭಾರತದಿಂದ ಹಿಂತಿರುಗಿದ 1913ರಲ್ಲಿ ಆತನು ಎಡ್ವರ್ಡ್ ಕಾರ್ಪೆಂಟರ್ ಎಂಬ ಸಮಾಜವಾದಿ ಲೇಖಕನ ಹಳ್ಳಿಮನೆಗೆ ಹೋದನು. ಕುಲೀನ ಮನೆತನದ ಕಾರ್ಪೆಂಟರನು ಶೆಫೀಲ್ಡಿನ ಬಡ ಕೇರಿಯಲ್ಲಿ ಬೆಳೆದ ಜಾರ್ಜ್ ಮೆರಿಲ್ಲನೊಡನೆ ಯಾರಿಗೂ ಅಂಜದೆ ಸಂಸಾರ ಹೂಡಿದ್ದನು. ಅವರಿಬ್ಬರನ್ನು ಕಂಡ ಗಳಿಗೆಯಲ್ಲಿಯೇ ‘ಮಾರಿಸ್’ ಕಥೆ ಮನಸ್ಸಿನಲ್ಲಿ ಮೂಡಿತೆಂದು ಫಾರ್ಸ್ಟರನೇ ಮುಂದೆ ಬರೆದಿಟ್ಟಿದ್ದಾನೆ. ಆಗಿನ ಕಾಲವನ್ನು ನೆನೆಯಬೇಕು. ಇಂಥ ಪ್ರೇಮಕ್ಕಾಗಿ ಆಸ್ಕರ್ ವೈಲ್ಡನು 1895ರಲ್ಲಿ ಎರಡು ವರ್ಷದ ಕಠಿಣ ಸಜೆಗೆ ಗುರಿಯಾಗಿದ್ದನು. ಪುಸ್ತಕವನ್ನು ಅಚ್ಚು ಮಾಡಿಸಿದ್ದರೆ ಫಾರ್ಸ್ಟರನ ಮಾನಕ್ಕೂ ಸ್ವಾತಂತ್ರ್ಯಕ್ಕೂ ಅಪಾಯವಿತ್ತು. 1914ರಲ್ಲಿ ಬರೆದು ಮುಗಿಸಿ ಹಸ್ತಪ್ರತಿಯನ್ನು ತನ್ನಲ್ಲಿಯೇ ಇಟ್ಟುಕೊಂಡನು.

ಕಥೆ ಹೀಗಿದೆ. ಮಾರಿಸ್ ಹಾಲ್ ಅನುಕೂಲಸ್ಥ ವರ್ತಕ ವರ್ಗದ ತರುಣ. ಕೇಂಬ್ರಿಜ್‌ನಲ್ಲಿ ಜಮೀನ್ದಾರಿ ಮನೆತನದ ಕ್ಲೈವನ ಪ್ರೇಮಕ್ಕೆ ಸಿಲುಕುತ್ತಾನೆ. ಕೆಲವು ವರ್ಷಗಳ ಬಳಿಕ ಕ್ಲೈವನು ಬದಲಾಗಿ ಮದುವೆ ಮಾಡಿಕೊಂಡು, ಚುನಾವಣೆ, ಎಸ್ಟೇಟುಗಳಲ್ಲಿ ಮುಳುಗಿಹೋಗುತ್ತಾನೆ. ನೊಂದ ಮಾರಿಸನು ಇದೊಂದು ರೋಗವಿರಬೇಕೆಂದು ವೈದ್ಯರ ಬಾಗಿಲು ತಟ್ಟುತ್ತಾನೆ. ಕಡೆಗೆ ಕ್ಲೈವನ ಎಸ್ಟೇಟಿನಲ್ಲಿ ಬೇಟೆಕಾಡು ಕಾಯುವ ಅಲೆಕ್ ಸ್ಕಡ್ಡರ್ ಎಂಬ ಕಟುಕನ ಮಗನು, ಒಂದು ರಾತ್ರಿ ಏಣಿ ಹತ್ತಿ ಕಿಟಕಿಯಿಂದ ಒಳಗೆ ಬರುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಶಂಕಿಸುತ್ತಾರೆ. ಇವನು ಹಣ ಕೀಳುವನೆಂದು ಯಜಮಾನನಿಗೂ, ಇವನು ತನ್ನನ್ನು ಕಾಲ ಕಸವಾಗಿ ಕಾಣುವನೆಂದು ಆಳಿಗೂ ಭಯ. ಆದರೂ ಅಲೆಕನು ಅರ್ಜೆಂಟೀನಾಕ್ಕೆ ಹೋಗುವ ಹಡಗನ್ನು ಬಿಟ್ಟು ನಿಲ್ಲುತ್ತಾನೆ, ಮಾರಿಸನು ತನ್ನ ಅಂತಸ್ತನ್ನು ಬಿಟ್ಟು ಬರುತ್ತಾನೆ.

ಹಸ್ತಪ್ರತಿಯನ್ನು ಓದಿದ ಗೆಳೆಯರಲ್ಲಿ ಆಗಲೇ ಭಿನ್ನಾಭಿಪ್ರಾಯ ಹುಟ್ಟಿತು. ಕಾರ್ಪೆಂಟರನಿಗೆ ಸುಖಾಂತವು ಬಹಳ ಹಿಡಿಸಿತು. ಲಿಟನ್ ಸ್ಟ್ರೇಚಿ ಎಂಬ ಚತುರ ಲೇಖಕನಾದರೋ, ವರ್ಗವೇ ಬೇರೆಯಾದ ಇವರಿಬ್ಬರಿಗೆ ಸಮಾನವಾದ ಆಸಕ್ತಿಗಳೇ ಇಲ್ಲದಿರುವುದರಿಂದ ಸಂಬಂಧವು ಬಹುಕಾಲ ಬಾಳದೆಂದು ಬರೆದು ತಿಳಿಸಿದನು. ಮೊದಲ ಪ್ರತಿಯ ಕೊನೆಗೆ ಒಂದು ಉಪಸಂಹಾರವಿದ್ದಿತು. ಕೆಲವು ವರ್ಷಗಳ ಮೇಲೆ ಮಾರಿಸನ ತಂಗಿ, ಕಾಡಿನಲ್ಲಿ ಮರ ಕಡಿದು ಜೀವಿಸುತ್ತಿರುವ ಇಬ್ಬರನ್ನೂ ಕಾಣುವ ಪ್ರಸಂಗ ಅದು. ಅದು ಗೆಳೆಯರಿಗೆ ಒಪ್ಪಿಗೆಯಾಗದೆ ಫಾರ್ಸ್ಟರನು ತೆಗೆದುಹಾಕಿದನು. ಆದರೆ ಸುಖಾಂತವನ್ನು ಮಾತ್ರ ಕೊನೆಯವರೆಗೂ ಬದಲಿಸಲಿಲ್ಲ.

ಆತನ ಬಾಳೇ ಸ್ಟ್ರೇಚಿಗೆ ಉತ್ತರ ಕೊಡುತ್ತ ಹೋಯಿತೆಂದು ಹೇಳಬಹುದು. ಮೊದಲ ಮಹಾಯುದ್ಧದಲ್ಲಿ ರೆಡ್‌ಕ್ರಾಸ್ ಕೆಲಸಕ್ಕೆಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಹೋದಾಗ ಮೊಹಮ್ಮದ್ ಎಲ್ ಆದ್ಲ್ ಎಂಬ ಟ್ರಾಮ್ ಕಂಡಕ್ಟರನು ಆತನಿಗೆ ಪ್ರಾಣಸಮನಾದನು. ಆ ಬಡವನು 1922ರಲ್ಲಿ ಕ್ಷಯದಿಂದ ತೀರಿಕೊಂಡನು. 1921ರಲ್ಲಿ ದೇವಾಸ್ ಸಂಸ್ಥಾನದ ಮಹಾರಾಜರಲ್ಲಿ ಕೆಲವು ತಿಂಗಳು ಕಾರ್ಯದರ್ಶಿಯಾಗಿದ್ದು ಬಂದ ಫಾರ್ಸ್ಟರನು, 1924ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ ಪ್ರಕಟಿಸಿ ಮಸೂದನಿಗೆ ಅರ್ಪಿಸಿದನು. ಮುಂದೆ ನಲವತ್ತಾರು ವರ್ಷ ಬದುಕಿದರೂ ಇನ್ನೊಂದು ಕಾದಂಬರಿಯನ್ನು ಪ್ರಕಟಿಸಲಿಲ್ಲ. ಬರೆಯಬೇಕೆನಿಸಿದುದನ್ನು ಪ್ರಕಟಿಸುವಂತಿರಲಿಲ್ಲ, ಪ್ರಕಟಿಸಬಹುದಾದುದನ್ನು ಬರೆಯಲು ಮನಸ್ಸಿರಲಿಲ್ಲ.

ಹಾಗೆಂದು ಸುಮ್ಮನೆ ಕೂಡಲಿಲ್ಲ. 1928ರಲ್ಲಿ ಹೆಣ್ಣುಹೆಣ್ಣಿನ ಪ್ರೇಮವನ್ನು ಕುರಿತ ರ್‍ಯಾಡ್‌ಕ್ಲಿಫ್ ಹಾಲಳ ಕಾದಂಬರಿಯ ಮೇಲೆ ಮೊಕದ್ದಮೆ ಹೂಡಿದಾಗ ಅದನ್ನು ಪ್ರತಿಭಟಿಸಿದನು. ಭಂಗಿ ಹುಡುಗನೊಬ್ಬನ ಒಂದು ದಿನದ ಬಾಳನ್ನು ಹೇಳುವ, ಪ್ರಕಾಶಕರು ಮೇಲಿಂದ ಮೇಲೆ ತಿರಸ್ಕರಿಸಿದ್ದ, ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ 1935ರಲ್ಲಿ ಹೊರಬಂದುದು ಫಾರ್ಸ್ಟರನ ಮುನ್ನುಡಿಯೊಡನೆ. 1930ರಲ್ಲಿ ಬಾಬ್ ಬಕಿಂಗ್‌ಹ್ಯಾಮ್ ಎಂಬ ಪೊಲೀಸ್ ಪೇದೆಯ ಪರಿಚಯವಾಯಿತು. ಪೇದೆಗೆ ಮದುವೆಯಾದರೂ ಸಂಬಂಧ ಮುರಿಯಲಿಲ್ಲ. ಆತನ ಹೆಂಡತಿ ಮೇ ಕಾಲಕ್ರಮದಲ್ಲಿ ಫಾರ್ಸ್ಟರನಿಗೆ ಆಪ್ತಳಾದಳು. ‘ಸರ್’ ಪದವಿಯನ್ನು ಬೇಡವೆಂದ ಈ ವೃದ್ಧನು 1970ನೆಯ ಜೂನ್ 7ರಂದು ಕೊನೆಯುಸಿರೆಳೆದುದು ಆ ಪೇದೆಯ ಮನೆಯಲ್ಲಿ. ಸಂಬಂಧವು ನಲವತ್ತು ವರ್ಷ ಬಾಳಿತ್ತು.

ಇಂಗ್ಲೆಂಡಿನ ಕಾನೂನು 1967ರಲ್ಲಿ ಸಡಿಲಗೊಂಡಿತ್ತು. ಆದರೂ ‘ಮಾರಿಸ್’ ಹೊರಬಂದುದು ಗ್ರಂಥಕರ್ತನು ತೀರಿಕೊಂಡ ಮರುವರ್ಷ, 1971ರಲ್ಲಿ. ವಾಚಕರು ಮತ್ತೆ ಒಡೆದುಹೋದರು. ಆತನ ಇತರ ಕೃತಿಗಳ ಮುಂದೆ ಇದು ಸಪ್ಪೆಯೆಂದರು ಕೆಲವರು. ಮುಕ್ತಾಯವು ಕಟ್ಟುಕಥೆಯೆಂದರು ಮತ್ತೆ ಕೆಲವರು. ಬದುಕಿರುವಾಗಲೇ ಪ್ರಕಟಿಸಬೇಕಾಗಿತ್ತೆಂದು ದೂರಿದವರೂ ಉಂಟು. ಸೆರೆಮನೆ ಇಲ್ಲವೆ ಆತ್ಮಹತ್ಯೆಯಲ್ಲಿ ಮುಗಿಯದ ಇಂಥ ಕಥೆಯನ್ನು 1914ರಲ್ಲಿಯೇ ಬರೆದನಲ್ಲ ಎಂದು ಕೈಮುಗಿದವರೂ ಇದ್ದರು.

ನಮ್ಮ ನಾಲ್ವರಲ್ಲಿ ಆದುದೂ ಇದೇ. ಚಿತ್ರದುರ್ಗದ ಗೆಳೆಯನಿಗೆ ಮಾರಿಸನ ಮನಸ್ಸಿನ ತೊಳಲಾಟ ನಿಜವೆನಿಸಿತು, ಕೊನೆ ಸುಳ್ಳೆನಿಸಿತು. ಇಷ್ಟು ಹಣವಂತರ ದುಃಖಕ್ಕೆ ತಾನೇಕೆ ಅಳಬೇಕೆಂದು ಹೊಸದುರ್ಗದ ಗೆಳತಿ ಕೇಳಿದಳು. ಹಿರಿಯೂರಿನ ಗೆಳೆಯನು ಪುಸ್ತಕವನ್ನು ಎರಡು ಸಲ ಓದಿ, ಪ್ರೇಮಕ್ಕೆ ಕೊನೆಗೊಂದು ನೆಲೆ ಸಿಕ್ಕಿತಲ್ಲ ಅಷ್ಟು ಸಾಕು ಎಂದು ಮಾತ್ರ ಹೇಳಿ, ಹೆಚ್ಚಿಗೆ ವಾದಿಸಲಿಲ್ಲ.

ಇನ್ನು ನನ್ನ ಮಾತು. ನಮ್ಮ ತಂದೆಯವರು ಹೊಳಲ್ಕೆರೆ ತಾಲ್ಲೂಕಿನಲ್ಲಿ ಬೇರೆಯವರ ಅಡಿಕೆ ತೋಟ ಕಾಯುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಯಜಮಾನರ ಮನೆಗೆ ಹೋದರೆ ನಾವು ನಿಲ್ಲುವುದು ಹಿತ್ತಿಲ ಬಾಗಿಲಿನಲ್ಲಿ. ಆದುದರಿಂದ ನಾನು ಕಥೆಯನ್ನು ಏಣಿಯ ಬುಡದಿಂದ ಓದಿದೆನೆಂದರೆ ತಪ್ಪಾಗದು. ಅಲೆಕನ ಮನಸ್ಸಿನೊಳಕ್ಕೆ ಫಾರ್ಸ್ಟರನು ಮಾರಿಸನ ಮನಸ್ಸಿನಷ್ಟು ಇಳಿಯಲಿಲ್ಲವೆಂಬ ಕೊರತೆ ನನಗೆ ಈಗಲೂ ಇದೆ.

ಒಂದು ಸಂಜೆ ತೋಟದಲ್ಲಿ ತಂದೆಯವರಿಗೆ ಈ ಕಥೆಯನ್ನು ಹೇಳಿದೆ. ತಿರುಳನ್ನು ಪೂರ್ತಿ ಹೇಳಲು ಸಂಕೋಚವಾಗಿ, ಸಾಹುಕಾರನೊಬ್ಬನೂ ಕಾವಲುಗಾರನೊಬ್ಬನೂ ಬಿಟ್ಟಿರಲಾರದ ಸ್ನೇಹಿತರಾಗಿ ಮನೆ ಬಿಟ್ಟು ಹೋದರೆಂದೆ. ಕಾವಲು ಕೆಲಸ ಬಿಟ್ಟಮೇಲೆ ಹೊಟ್ಟೆಗೇನು ಮಾಡಿಕೊಂಡರೆಂದು ಅವರು ಕೇಳಿದರು. ಸ್ಟ್ರೇಚಿ ಕೇಳದ ಪ್ರಶ್ನೆ ಅದು. ಅಧ್ಯಾಪಕರು ಹೇಳಿದ್ದ ಉಪಸಂಹಾರವು ನೆನಪಾಗಿ, ಕಾಡಿನಲ್ಲಿ ಮರ ಕಡಿದು ಬದುಕಿದರೆಂದು ಹೇಳಿದೆ. ಇಬ್ಬರೂ ದುಡಿದರಾದರೆ ಬಾಳಿಯಾರು ಎಂದು ತಂದೆಯವರು ಒಪ್ಪಿದರು. ಅರ್ಧ ಕಥೆಯನ್ನು ನುಂಗಿಕೊಂಡು ಮನೆಗೆ ಬಂದೆ. ಫಾರ್ಸ್ಟರನು ಐವತ್ತಾರು ವರ್ಷ ಹೊತ್ತ ಭಾರವನ್ನು ಒಂದು ಗಳಿಗೆ ನಾನೂ ಹೊತ್ತಂತಾಯಿತು.

ಇಂಗ್ಲಿಷರು 1860ರಲ್ಲಿ ನಮಗೆ ಕೊಟ್ಟುಹೋದ ದಂಡ ಸಂಹಿತೆಯ 377ನೆಯ ಕಲಮಿನ ಬಿಗಿಯಿಂದ, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಇಂಥ ಬಾಳನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ಬಿಡಿಸಿದುದು 2018ನೆಯ ಸೆಪ್ಟೆಂಬರ್ 6ರಂದು. ಅದಕ್ಕೂ ಐದು ವರ್ಷ ಮೊದಲೇ, 2013ರಲ್ಲಿ, ನೆರೆಯ ಬಳ್ಳಾರಿ ಜಿಲ್ಲೆಯ ಸಂಡೂರಿನ ವಸುಧೇಂದ್ರರು ‘ಮೋಹನಸ್ವಾಮಿ’ ಕಥೆಗಳನ್ನು ತಮ್ಮ ಹೆಸರಿನಲ್ಲಿಯೇ ಕನ್ನಡದಲ್ಲಿ ಪ್ರಕಟಿಸಿದರು. ಫಾರ್ಸ್ಟರನಿಗೆ ಬದುಕಿರುವಾಗ ಆಗದ ಕೆಲಸವು ನಮ್ಮ ಭಾಷೆಯಲ್ಲಿ ಆಯಿತೆಂಬುದು ಅಭಿಮಾನದ ಸಂಗತಿ.

ಪುಸ್ತಕದ ಕೊನೆ ನಿಜವೋ ಸುಳ್ಳೋ ಎಂದು ವಾಚಕರು ಇನ್ನೂ ವಾದಿಸಲಿ. ಪೇದೆಯ ಮನೆಯಲ್ಲಿ ಕಣ್ಣುಮುಚ್ಚಿದ ಆ ಮುದುಕನನ್ನು ನೆನೆದಾಗ, ಆ ಕೊನೆಯು ಹಾಗೆಯೇ ಇರಲೆಂದು ನನಗೆ ಅನ್ನಿಸುತ್ತದೆ. ಮುಂದಿನ ರಜೆಯಲ್ಲಿ ತಂದೆಯವರಿಗೆ ಉಳಿದರ್ಧ ಕಥೆಯನ್ನೂ ಹೇಳಬೇಕೆಂದಿದ್ದೇನೆ.