ಅಂಗಳಕ್ಕೆ ಬಂದ ಶಾಲೆ

ನಮ್ಮ ಊರುಗಳಲ್ಲಿ ಅಂಗನವಾಡಿಯನ್ನು ಕಾಣದವರಿಲ್ಲ. ಮರಾಠಿಯ ಅಂಗಣವೇ ಕನ್ನಡದ ಅಂಗಳ. ಮನೆಯ ಮುಂದಿನ ಆ ಅಂಗಳವನ್ನು ಶಾಲೆಯಾಗಿ ಮಾರ್ಪಡಿಸಿದ ಮಹಿಳೆಯನ್ನು ಮಾತ್ರ ಅರಿತವರು ವಿರಳ. ಆಕೆಯೇ ತಾರಾಬಾಯಿ ಮೋಡಕ್.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಸದಾಶಿವರಾವ್ ಕೇಳಕರ್ ಅವರು ಪ್ರಾರ್ಥನಾ ಸಮಾಜಕ್ಕೆ ಸೇರಿದವರು. ಹೆಣ್ಣುಮಕ್ಕಳು ಓದಬೇಕೆಂಬ ನಿಲುವಿನವರು. ಪದವೀಧರೆಯರನ್ನು ಬೆರಳಿನಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲಿ, 1914ರಲ್ಲಿ, ತಾರಾಬಾಯಿ ಬಿ.ಎ. ಪದವಿಯನ್ನು ಪಡೆದರು. ಮರುವರ್ಷ ವಿವಾಹವಾಯಿತು. ಆ ದಾಂಪತ್ಯ ಬಹುಕಾಲ ಉಳಿಯಲಿಲ್ಲ. ಮಗಳೊಡನೆ ಬೇರೆಯಾಗಿ ಬದುಕಬೇಕಾಗಿ ಬಂದಾಗ ಅವರು ರಾಜಕೋಟೆಯ ಮಹಿಳಾ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲರ ಹುದ್ದೆಯನ್ನು ವಹಿಸಿಕೊಂಡರು.

ಆ ವೇಳೆಗೆ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬುವರು, ವಕೀಲಿಯನ್ನು ತೊರೆದು ಬಂದು, 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದ್ದರು. ಬೆತ್ತವಾಗಲಿ ಬಹುಮಾನವಾಗಲಿ ಅಲ್ಲಿರಲಿಲ್ಲ. ಇಟಲಿಯ ಮಾರಿಯಾ ಮಾಂಟೆಸರಿಯವರ ಪದ್ಧತಿಯಂತೆ ಮಕ್ಕಳು ತಮ್ಮ ಕೈಗಳಿಂದಲೇ ಕಲಿಯುತ್ತಿದ್ದರು. ಇದನ್ನರಿತ ತಾರಾಬಾಯಿ 1923ರಲ್ಲಿ ಪ್ರಾಂಶುಪಾಲರ ಹುದ್ದೆಯನ್ನು ಬಿಟ್ಟು ಶಿಶುಗಳ ಉಪಾಧ್ಯಾಯಿನಿಯಾದರು! ಲೋಕದ ದೃಷ್ಟಿಯಲ್ಲಿ ಇದು ಮೇಲಿನಿಂದ ಕೆಳಗಿಳಿದಂತೆ ತೋರಿರಬೇಕು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಮುಂದೆ ತಾರಾಬಾಯಿ ಮುಂಬಯಿಗೆ ಮರಳಿ ದಾದರಿನಲ್ಲಿ ಶಿಶುವಿಹಾರವನ್ನು ನಡೆಸಿದರು.

ಆದರೆ ಈ ಶಾಲೆಗಳಿಗೆ ಬರುತ್ತಿದ್ದವರು ಬಹುಮಟ್ಟಿಗೆ ಅನುಕೂಲಸ್ಥರ ಮಕ್ಕಳು. ಗಾಂಧೀಜಿಯವರ ಮೂಲಶಿಕ್ಷಣದ ವಿಚಾರಗಳು ತಾರಾಬಾಯಿಯವರ ಮನಸ್ಸನ್ನು ಹಳ್ಳಿಗಳತ್ತ ತಿರುಗಿಸಿದವು. 1945ರಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ಅವರು ಅಂದಿನ ಠಾಣಾ ಜಿಲ್ಲೆಯ ಕಡಲತಡಿಯ ಬೋರ್ಡಿ ಗ್ರಾಮಕ್ಕೆ ಬಂದು ಬಾಲಶಿಕ್ಷಣ ಕೇಂದ್ರವನ್ನು ತೆರೆದರು. ಅನುತಾಯಿ ವಾಘ್ ಎಂಬ ಶಿಕ್ಷಕಿ ಅವರೊಡಗೂಡಿದರು. ಬೆಲೆಬಾಳುವ ಮರದ ಉಪಕರಣಗಳು ಹಳ್ಳಿಗೆ ಎಟುಕುವಂತಿರಲಿಲ್ಲ. ಆದುದರಿಂದ ಚಿಪ್ಪು, ಬೀಜ, ಎಲೆ, ಕಲ್ಲುಹರಳುಗಳೇ ಕಲಿಕೆಯ ಸಾಧನಗಳಾದವು.

ಎಲ್ಲವೂ ಸಿದ್ಧವಾಯಿತು, ಯಾರಿಗಾಗಿ ಸಿದ್ಧವಾಯಿತೋ ಆ ಮಕ್ಕಳೇ ಬರಲಿಲ್ಲ. ಹರಿಜನ ಕೇರಿಯ ಹಾಗೂ ಗಿರಿಜನರ ಗುಡಿಸಲುಗಳ ಮಕ್ಕಳು ಬಾಲವಾಡಿಯಿಂದ ದೂರವೇ ಉಳಿದರು. ಬೇರೆಯವರಾಗಿದ್ದರೆ ತಾಯಿತಂದೆಯರ ಅಜ್ಞಾನವನ್ನು ಹಳಿದು ಸುಮ್ಮನಾಗುತ್ತಿದ್ದರೇನೋ. ತಾರಾಬಾಯಿ ತಮ್ಮ ಶಾಲೆಯಲ್ಲಿಯೇ ದೋಷವನ್ನು ಹುಡುಕಿದರು. ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನೆಡೆಗೆ ಹೋಗತಕ್ಕದ್ದೆಂದು ನಿಶ್ಚಯಿಸಿದರು. ಶಿಕ್ಷಕಿಯರು ಸಾಮಗ್ರಿಗಳನ್ನು ಹೊತ್ತು ಕೇರಿಗೆ ನಡೆದರು. ಅಲ್ಲಿನ ಅಂಗಳವನ್ನು ಗುಡಿಸಿ, ಮಕ್ಕಳ ಕೈಕಾಲು ತೊಳೆದು, ಹಾಡು, ಕಥೆ, ಆಟಗಳನ್ನು ಆರಂಭಿಸಿದರು. ತಾಯಂದಿರ ಕಣ್ಣೆದುರಿಗೇ ಪಾಠ ನಡೆಯಿತು. ಅಸ್ಪೃಶ್ಯತೆ ಬಲವಾಗಿದ್ದ ಆ ದಿನಗಳಲ್ಲಿ ಇದು ಸಣ್ಣ ಕಾರ್ಯವಾಗಿರಲಿಲ್ಲ. ಹುದ್ದೆಯನ್ನು ತ್ಯಜಿಸಿದುದಕ್ಕಿಂತಲೂ, ಇಪ್ಪತ್ತು ವರ್ಷ ನಂಬಿ ನಡೆದ ಪದ್ಧತಿಯನ್ನು ತಾವೇ ತಿದ್ದಿಕೊಂಡುದು ಹೆಚ್ಚು ಕಠಿಣವೆಂದು ನಮಗೆ ತೋರುತ್ತದೆ.

ಹತ್ತು ಹನ್ನೆರಡು ವರ್ಷಗಳ ತರುವಾಯ ಕಾರ್ಯಕ್ಷೇತ್ರವು ಸಮೀಪದ ಕೋಸಬಾಡ ಬೆಟ್ಟಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ವಾರ್ಲಿ ಗಿರಿಜನರದೇ ವಸತಿ. ತಾಯಿತಂದೆಯರು ಕೂಲಿಗೆ ಹೋದರೆ ಹಿರಿಯ ಹುಡುಗಿಯ ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುತ್ತಿತ್ತು. ಅವಳು ಶಾಲೆಗೆ ಬರುವುದೆಂತು? ಅದಕ್ಕಾಗಿ ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಈ ಮೂರನ್ನೂ ಒಂದೆಡೆ ಕೂಡಿಸಿದ ವಿಕಾಸವಾಡಿಯು ರೂಪುಗೊಂಡಿತು. ಕೂಸನ್ನು ಶಿಶುಗೃಹದಲ್ಲಿ ಬಿಟ್ಟು ಅಕ್ಕನು ತರಗತಿಯಲ್ಲಿ ಕುಳಿತುಕೊಳ್ಳಬಹುದಾಯಿತು. ದನ ಕಾಯುವ ಹುಡುಗರಿಗೆ ಅದೂ ಸಾಧ್ಯವಿರಲಿಲ್ಲ. ಶಿಕ್ಷಕರು ಅವರ ಹಿಂದೆ ಹುಲ್ಲುಗಾವಲಿಗೇ ಹೋದರು. ದನಗಳು ಮೇಯುತ್ತಿರಲು ಮರದಡಿಯಲ್ಲಿ ಎಣಿಕೆಯೂ ಅಕ್ಷರವೂ ಸಾಗಿದವು.

1962ರಲ್ಲಿ ಭಾರತ ಸರಕಾರವು ತಾರಾಬಾಯಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1973ರಲ್ಲಿ ಅವರು ಕಾಲವಶರಾದರು. ಅನುತಾಯಿಯವರು 1992ರಲ್ಲಿ ತಾವು ತೀರಿಕೊಳ್ಳುವವರೆಗೂ ಕೋಸಬಾಡದ ಕಾರ್ಯವನ್ನು ಮುನ್ನಡೆಸಿದರು. ತಾರಾಬಾಯಿ ಗತಿಸಿದ ಎರಡು ವರ್ಷಗಳ ಮೇಲೆ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಅದರ ಮೊದಲ ಕೇಂದ್ರಗಳು ತೆರೆದವು. ಅವುಗಳಿಗೆ ಇಟ್ಟ ಹೆಸರು ಅಂಗನವಾಡಿ.